ಕಟ್ಟಿಸುವ ಮೊದಲು ಕೊಳ್ಳುವ ಕೋವಿ: ಬರ್ಗಾರಾ, ಟಿಕ್ಕಾ, ರೂಗರ್

ದೂರದ ಗುರಿಗೆ ಹೊಡೆಯಲು ನನಗೆ ಬೇಕಾದ ಹಾಗೆಯೇ ಒಂದು ರೈಫಲ್ ಕಟ್ಟಿಸಬೇಕೆಂದು ಬಿಡಿಭಾಗಗಳ ಪಟ್ಟಿ ಬರೆದುಕೊಂಡು, ಟೆಕ್ಸಾಸಿನಲ್ಲಿ ನಮ್ಮೂರಿಗೆ ಹತ್ತಿರದ ಗನ್‌ಸ್ಮಿತ್ (ಕೋವಿ ಕಟ್ಟಿಕೊಡುವ ಕಸುಬುದಾರರು) ಒಬ್ಬರ ಬಳಿ ಹೋಗಿದ್ದೆ. ಅವರು ಪಟ್ಟಿಯನ್ನು ಕೊನೆಯವರೆಗೆ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇದುವರೆಗೆ ಗುಂಡು ಹೊಡೆದು ಹೊಡೆದು ಎಷ್ಟು ನಳಿಗೆ ಸವೆಸಿದ್ದೀರಿ ಎಂದು ಕೇಳಿದರು. ಒಂದೂ ಇಲ್ಲ ಎಂದೆ. ಹಾಗಾದರೆ ಮೊದಲು ಕಾರ್ಖಾನೆಯಲ್ಲಿ ತಯಾರಾದ ಒಂದನ್ನು ಕೊಂಡು ಅದರ ನಳಿಗೆ ಸವೆಸಿಕೊಂಡು ಬನ್ನಿ, ಅಷ್ಟರಲ್ಲಿ ಈ ಪಟ್ಟಿ ಅರ್ಧ ಬದಲಾಗಿರುತ್ತದೆ ಎಂದರು. ಕೈಗೆ ಬಂದ ಗಿರಾಕಿಯನ್ನು ಹೀಗೆ ಹಿಂದಕ್ಕೆ ಕಳಿಸುವ ಕಸುಬುದಾರರು ಅಪರೂಪ. ಅವರ ಮಾತಿಗೆ ಬೆಲೆ ಕೊಟ್ಟು, ಕ್ಲಬ್ಬಿನ ಗೆಳೆಯರಲ್ಲಿದ್ದ ಮೂರು ಮಾದರಿಗಳನ್ನು ನಾಲ್ಕು ಶನಿವಾರ ಒಂದರ ಪಕ್ಕ ಒಂದಿಟ್ಟು ಹೊಡೆದು ನೋಡಿದೆ. ಬರ್ಗಾರಾ ಬಿ-14 ಎಚ್‌ಎಂಆರ್, ಟಿಕ್ಕಾ ಟಿ3ಎಕ್ಸ್ ಟ್ಯಾಕ್ ಎ1 ಮತ್ತು ರೂಗರ್ ಪ್ರಿಸಿಷನ್ ರೈಫಲ್ ಆ ಮೂರು.

ಮೂರೂ 6.5 ಕ್ರೀಡ್‌ಮೋರ್ ತೋಟಾದವು. ಹಾರ್ನಡಿ ಕಂಪನಿ 2007ರಲ್ಲಿ ಹೊರತಂದ ಈ ತೋಟಾಕ್ಕೆ ಒದೆತ ಕಡಿಮೆ, ಇದರ ಉದ್ದನೆಯ ಗುಂಡು ಗಾಳಿಗೆ ಹೆಚ್ಚು ವಾಲುವುದಿಲ್ಲ, ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಮೊದಲ ರೈಫಲಿಗೆ ಇವಿಷ್ಟು ಕಾರಣ ಸಾಕು. ಹೋಲಿಕೆಯಲ್ಲಿ ತೋಟಾದ ವ್ಯತ್ಯಾಸ ನುಸುಳಬಾರದೆಂದು 140 ಗ್ರೇನ್ (ಸುಮಾರು ಒಂಬತ್ತು ಗ್ರಾಂ) ಗುಂಡಿನ, ಸ್ಪರ್ಧೆಗೆಂದು ಮಾಡಿದ ಮ್ಯಾಚ್ ತೋಟಾಗಳನ್ನು ಒಂದೇ ಲಾಟಿನಲ್ಲಿ ಕೊಂಡೆ, ಗುರಿ ನೋಡುವ ಸ್ಕೋಪ್ ಕೂಡ ಒಂದನ್ನೇ ಮೂರಕ್ಕೂ ಬದಲಾಯಿಸಿ ಕೂರಿಸಿದೆ.

ಎಲ್ಲರೂ ಮೊದಲು ಕೇಳುವುದು ಯಾವುದರ ಗುಂಪು ಚಿಕ್ಕದು, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳು ಯಾವುದರಲ್ಲಿ ಹೆಚ್ಚು ಒತ್ತಾಗಿ ಬೀಳುತ್ತವೆ ಎಂದು. ಅದನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಇದನ್ನು ಅಳೆಯುವುದು ಎಂಒಎ ಎಂಬ ಕೋನದ ಅಳತೆಯಲ್ಲಿ: 1 ಎಂಒಎ ಎಂದರೆ 100 ಗಜದಲ್ಲಿ 1.047 ಇಂಚು. ಬರ್ಗಾರಾ ಮತ್ತು ಟಿಕ್ಕಾ ಕಂಪನಿಗಳು ಆ ಅಳತೆಯೊಳಗೆ ಗುಂಡು ಕೂರಿಸುವ ಖಾತರಿ ಕೊಡುತ್ತವೆ. ರೂಗರ್ ಕೂಡ ನನ್ನ ಕೈಯಲ್ಲಿ ಅಷ್ಟರೊಳಗೇ ಕೂರಿಸಿತು. ಮೂರರ ನಡುವೆ ಕಂಡ ಅಂತರ ನನ್ನ ಉಸಿರಿನಿಂದ ಆಗುವ ಅಂತರಕ್ಕಿಂತ ಹೆಚ್ಚಿರಲಿಲ್ಲ. ಮೂರು ಗುಂಡಿನ ಗುಂಪಿನ ಚಿತ್ರ ತೋರಿಸಿ ಅರ್ಧ ಇಂಚು ಎನ್ನುವವರ ಮಾತನ್ನು ನಂಬುವ ಮೊದಲು ಒಂದು ಲೆಕ್ಕ ತಿಳಿದಿರಬೇಕು: ಅದೇ ಕೋವಿ, ಅದೇ ತೋಟಾ, ಅದೇ ಕೈ ಇದ್ದರೂ ಹತ್ತು ಗುಂಡಿನ ಗುಂಪು ಮೂರು ಗುಂಡಿನ ಗುಂಪಿಗಿಂತ ಸರಾಸರಿ ಸುಮಾರು 1.6 ಪಟ್ಟು ದೊಡ್ಡದಾಗಿರುತ್ತದೆ. ಕೋವಿ ಕೆಟ್ಟಿರುವುದರಿಂದ ಹಾಗಾಗುವುದಲ್ಲ, ಚದುರುವ ಎಲ್ಲ ವಸ್ತುಗಳ ಲೆಕ್ಕವೇ ಹಾಗೆ. ಆದ್ದರಿಂದ ಗುಂಪಿನ ಅಳತೆಯನ್ನು ಪಕ್ಕಕ್ಕಿಟ್ಟು, ಈ ನಳಿಗೆ ಸವೆದ ದಿನ ನನ್ನ ಕೈಯಲ್ಲಿ ಏನು ಉಳಿದಿರುತ್ತದೆ ಎಂಬ ಪ್ರಶ್ನೆಯಿಂದಲೇ ಮೂರನ್ನೂ ನೋಡಿದೆ.

ಆ ದೃಷ್ಟಿಯಿಂದ ಬರ್ಗಾರಾ ಹೆಚ್ಚು ಆಸಕ್ತಿಯ ವಸ್ತು. ಬರ್ಗಾರಾ ಎಂಬುದು ಸ್ಪೇನಿನ ಬಾಸ್ಕ್ ಸೀಮೆಯ ಒಂದು ಊರಿನ ಹೆಸರು. ಆ ಹೆಸರಿನ ಕೋವಿ ಕಂಪನಿಯನ್ನು ನಡೆಸುವ ಡಿಕಾರ್ ಸಹಕಾರಿ ಸಂಸ್ಥೆ ಮೊಂಡ್ರಾಗನ್ ಎಂಬ ಸಹಕಾರಿಗಳ ಒಕ್ಕೂಟಕ್ಕೆ ಸೇರಿದ್ದು. ಕೋವಿ ಮಾಡುವುದಕ್ಕಿಂತ ಮೊದಲೇ ನಳಿಗೆಗೆ ಹೆಸರಾದವರು ಇವರು. ನಳಿಗೆಯ ಒಳಮೈಯನ್ನು ಉಜ್ಜಿ ನಯಗೊಳಿಸಿ, ಆಮೇಲೆ ಬಟನ್ ಎಂಬ ಗಟ್ಟಿ ಅಚ್ಚನ್ನು ಒಳಗಿನಿಂದ ಎಳೆದು ಸುರುಳಿ ಗೆರೆ ಮೂಡಿಸುತ್ತಾರೆ. ಎಚ್‌ಎಂಆರ್ ಮಾದರಿಯ ಸ್ಟಾಕ್, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಒಡಲು, ಹೊರಗಿನಿಂದ ನೋಡಿದರೆ ಬರೀ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಆದರೆ ಒಳಗೆ ಅಲ್ಯೂಮಿನಿಯಮ್ಮಿನ ಚಿಕ್ಕ ಚಾಸಿಯೊಂದನ್ನು (ಚೌಕಟ್ಟು) ಹುದುಗಿಸಿ, ನಳಿಗೆ ಬಿಗಿಯುವ ಮಧ್ಯಭಾಗವಾದ ರಿಸೀವರ್ ಅದರ ಮೇಲೆ ಕೂರುವಂತೆ ಮಾಡಿದ್ದಾರೆ. ಕೆನ್ನೆಗೆ ತಾಗುವ ಭಾಗವನ್ನು ಏರಿಸಿ ಇಳಿಸಬಹುದು. ಹೆಗಲಿನ ಕಡೆಯ ಉದ್ದವನ್ನು ಹೆಚ್ಚುಕಡಿಮೆ ಮಾಡಲು ತುಂಡುಗಳಿವೆ. ಸ್ಕೋಪ್ ಇಲ್ಲದೆ ತೂಕ ಸುಮಾರು ನಾಲ್ಕೂಕಾಲು ಕಿಲೋ.

ಇದರ ಮುಖ್ಯ ಗುಣ ಕಣ್ಣಿಗೆ ಕಾಣುವಂಥದ್ದಲ್ಲ. ಬಿ-14 ರಿಸೀವರಿನ ತಳದ ಆಕಾರ, ಸ್ಕ್ರೂಗಳ ಅಂತರ, ಟ್ರಿಗರ್ ಕೂರುವ ಜಾಗ ಇವೆಲ್ಲ 1962ರಲ್ಲಿ ಬಂದ ರೆಮಿಂಗ್ಟನ್ 700ರ ಅಳತೆಯವು. ಅಮೆರಿಕದಲ್ಲಿ ಬಿಡಿಭಾಗ ಮಾಡುವ ಹೆಚ್ಚಿನವರು ಆ ಅಳತೆಗೇ ಮಾಡುತ್ತಾರೆ, ಹೊಸದಾಗಿ ಕಸ್ಟಮ್ ಆಕ್ಷನ್ (ರಿಸೀವರ್ ಮತ್ತು ತೋಟಾವನ್ನು ಒಳತಳ್ಳಿ ಬೀಗ ಹಾಕುವ ಬೋಲ್ಟಿನ ಜೋಡಿ) ತಯಾರಿಸುವ ಝರ್ಮಾಟ್, ಇಂಪ್ಯಾಕ್ಟ್ ಮೊದಲಾದ ಕಂಪನಿಗಳೂ ಅದೇ ತಳದ ಅಳತೆಗೆ ತಮ್ಮ ಆಕ್ಷನ್ ಮಾಡುತ್ತವೆ. ಹೀಗಾಗಿ ಇಂದು ಬರ್ಗಾರಾಗೆಂದು ಕೊಂಡ ಟ್ರಿಗರ್, ಚಾಸಿ ಮತ್ತು ಎಐಸಿಎಸ್ ಎಂಬ ಮಾದರಿಯ ಮ್ಯಾಗಜಿನ್‌ಗಳು (ತೋಟಾ ತುಂಬುವ ಡಬ್ಬಿಗಳು) ನಾಳೆ ಕಟ್ಟಿಸುವ ಕೋವಿಗೂ ಬರುತ್ತವೆ. ಮನೆ ಬದಲಿಸುವಾಗ ಹಳೆಯ ಮನೆಯ ಕಪಾಟು ಹೊಸ ಮನೆಯ ಗೋಡೆಗೂ ಸರಿಹೊಂದಿದರೆ ಆಗುವಂಥ ಉಳಿತಾಯ ಇದು.

ಆದರೆ ನಳಿಗೆಯ ವಿಷಯದಲ್ಲಿ ಈ ಹೊಂದಾಣಿಕೆಯನ್ನು ಎಳೆದು ಹಿಗ್ಗಿಸಬಾರದು. ರೆಮಿಂಗ್ಟನ್ 700ರಲ್ಲಿ ಬೋಲ್ಟಿನ ಮೂತಿ ಚಪ್ಪಟೆಯಾಗಿದ್ದು, ನಳಿಗೆಯ ಹಿಂಬದಿಯಲ್ಲಿ ಕೊರೆದ ಗುಳಿಯೊಳಗೆ ಹೋಗಿ ಕೂರುತ್ತದೆ. ಬರ್ಗಾರಾದ ಬೋಲ್ಟಿನ ಮೂತಿ ಕೊಡೆಯ ತುದಿಯಂತೆ ಇಳಿಜಾರಾಗಿದ್ದು, ನಳಿಗೆಯ ಹಿಂಬದಿಯೂ ಅದಕ್ಕೆ ಎದುರಾಗಿ ಬಟ್ಟಲಿನಂತೆ ಇಳಿಜಾರಾಗಿದೆ. ತೋಟಾ ಎಲ್ಲೂ ಸಿಕ್ಕಿಕೊಳ್ಳದೆ ಜಾರಿ ಒಳಹೋಗುವುದು ಇದರಿಂದಲೇ. ಆದರೆ ರೆಮಿಂಗ್ಟನ್ನಿಗೆಂದು ಕಡೆದ ನಳಿಗೆಯನ್ನು ತಂದು ಇದಕ್ಕೆ ತಿರುಗಿಸಲಾಗುವುದಿಲ್ಲ. ಇದರ ಆಕಾರ ಬಲ್ಲವರು ಲೇತಿನ ಮೇಲೆ ಕಡೆದುಕೊಡಬೇಕು, ಇಲ್ಲವೇ ಬರ್ಗಾರಾಗೆಂದೇ ಮಾಡಿದ ನಳಿಗೆ ಹುಡುಕಬೇಕು.

ಟಿಕ್ಕಾದ ಬೋಲ್ಟನ್ನು ಮೊದಲ ಸಲ ಹಿಂದಕ್ಕೆ ಎಳೆದಾಗ ನನಗೆ ನೆನಪಾದದ್ದು ಅಜ್ಜಿಮನೆಯ ತೇಗದ ಪೆಟ್ಟಿಗೆಯ ಮುಚ್ಚಳ. ಸದ್ದಿಲ್ಲ, ತಡೆಯಿಲ್ಲ, ಕೊನೆಯಲ್ಲಿ ಮಾತ್ರ ಒಂದು ಗಟ್ಟಿ ನಿಲುಗಡೆ. ಸಾಮಾನ್ಯ ಎರಡು ಲಗ್ಗಿನ (ಬೀಗದಂತೆ ಸಿಕ್ಕುವ ಹಲ್ಲಿನ) ಬೋಲ್ಟನ್ನು 90 ಡಿಗ್ರಿ ಎತ್ತಬೇಕಾದರೆ ಇದಕ್ಕೆ 70 ಡಿಗ್ರಿ ಸಾಕು. ಹಿಡಿ ಸ್ಕೋಪಿಗೆ ತಾಗುವುದಿಲ್ಲ. ಹೆಗಲಿನಿಂದ ಕೋವಿ ತೆಗೆಯದೆ ಒಂದರ ಹಿಂದೊಂದು ಗುರಿಗೆ ಹೊಡೆಯುವ ಸ್ಪರ್ಧೆಗಳಲ್ಲಿ ಈ ನಯ ಎಷ್ಟು ಸಮಯ ಉಳಿಸುತ್ತದೆ ಎಂಬುದು ಗಡಿಯಾರ ಹಿಡಿದು ನಿಂತವರಿಗೆ ಗೊತ್ತು. ಫಿನ್ಲೆಂಡಿನ ರಿಹಿಮ್ಯಾಕಿಯಲ್ಲಿರುವ ಸಾಕೋ ಕಾರ್ಖಾನೆಯಲ್ಲಿ ಇದು ತಯಾರಾಗುತ್ತದೆ. ನಳಿಗೆಯನ್ನು ಅಚ್ಚಿನ ಮೇಲೆ ತಣ್ಣಗೆ ಬಡಿದು ರೂಪಿಸುತ್ತಾರೆ. ಟ್ಯಾಕ್ ಎ1 ಮಾದರಿಗೆ ಮಡಚುವ ಸ್ಟಾಕ್, ಅಲ್ಯೂಮಿನಿಯಮ್ ಚಾಸಿ, ಎರಡು ಹಂತದ ಟ್ರಿಗರ್ ಎಲ್ಲವೂ ಕಾರ್ಖಾನೆಯಿಂದಲೇ ಬರುತ್ತವೆ. ಮೂರರಲ್ಲಿ ಯಾವುದನ್ನೂ ಬದಲಾಯಿಸದೆ ಸ್ಪರ್ಧೆಗೆ ಕೊಂಡೊಯ್ಯಬಹುದಾದದ್ದು ಇದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ತೊಡಕು ಮ್ಯಾಗಜಿನ್‌ನಲ್ಲಿದೆ. ಬ್ರಿಟನ್ನಿನ ಅಕ್ಯುರಸಿ ಇಂಟರ್‌ನ್ಯಾಷನಲ್ ಕಂಪನಿಯ ಚಾಸಿಗಾಗಿ ಹುಟ್ಟಿದ ಎಐಸಿಎಸ್ ಮ್ಯಾಗಜಿನ್ ಈಗ ಈ ಆಟದಲ್ಲಿ ಎಲ್ಲರ ಸಾಮಾನ್ಯ ಅಳತೆಯಾಗಿಬಿಟ್ಟಿದೆ. ಟ್ಯಾಕ್ ಎ1 ಮಾತ್ರ ತನ್ನದೇ ಹತ್ತು ತೋಟಾದ ಮ್ಯಾಗಜಿನ್ ಕೇಳುತ್ತದೆ. ಕೋವಿ ಕೊಟ್ಟ ಗೆಳೆಯರಿಗೆ ಅಂಗಡಿಯವರೊಬ್ಬರು ಇದೂ ಕೂರುತ್ತದೆ ಎಂದು ಹೇಳಿ ಎರಡು ಎಐಸಿಎಸ್ ಮ್ಯಾಗಜಿನ್ ಮಾರಿದ್ದರು, ಆಮೇಲೆ ಪೊಟ್ಟಣ ಒಡೆದಿದೆ ಎಂದು ವಾಪಸು ತೆಗೆದುಕೊಳ್ಳಲಿಲ್ಲ. ಅಂಗಡಿಯ ಹೆಸರು ಇಲ್ಲಿ ಬೇಡ. ಟಿಕ್ಕಾದ ತಳವೂ ಅದರದೇ ಆಕಾರದ್ದು: ಒದೆತ ತಡೆಯುವ ಲಗ್ ರಿಸೀವರಿಗೆ ಅಂಟಿಕೊಂಡಿಲ್ಲ, ಪ್ರತ್ಯೇಕ ಉಕ್ಕಿನ ತುಂಡಾಗಿ ಸ್ಟಾಕಿನಲ್ಲಿ ಕುಳಿತು ರಿಸೀವರಿನ ಸೀಳಿಗೆ ಸಿಕ್ಕುತ್ತದೆ. ಇದಕ್ಕೆ ಹೊಂದುವ ಚಾಸಿಗಳು ಇತ್ತೀಚೆಗೆ ಬೇಕಾದಷ್ಟು ಬಂದಿವೆ, ಆದರೆ ಅವು ಟಿಕ್ಕಾಗೆ ಮಾತ್ರ. ಒಂದು ಸಮಾಧಾನವೆಂದರೆ, ರಿಸೀವರುಗಳ ಅಳತೆ ಒಂದರಿಂದೊಂದಕ್ಕೆ ಅಷ್ಟು ಬದಲಾಗದಿರುವುದರಿಂದ ಮೊದಲೇ ಕಡೆದಿಟ್ಟ ನಳಿಗೆಗಳು ಇದಕ್ಕೂ ಸಿಗುತ್ತವೆ. ಕಾರ್ಖಾನೆಯ ಬಿಗಿತ ಬಿಚ್ಚಲು ಗಟ್ಟಿ ವೈಸ್ ಮತ್ತು ಗಟ್ಟಿ ರಟ್ಟೆ ಇರಬೇಕು, ಅಷ್ಟೇ.

ರೂಗರ್ ಬಗ್ಗೆ ಕಡಿಮೆ ಬರೆಯುತ್ತೇನೆ. ಅದು ಕೀಳೆಂದು ಹಾಗಲ್ಲ, ನನ್ನ ಪ್ರಶ್ನೆಗೆ ಅದರ ಉತ್ತರ ಚಿಕ್ಕದು. 2015ರಲ್ಲಿ ಇದು ಬಂದಾಗ, ಅದುವರೆಗೆ ಕಸ್ಟಮ್ ಕೋವಿಗಳಲ್ಲಿ ಮಾತ್ರ ಕಾಣುತ್ತಿದ್ದ, ಮೈಗೆ ತಕ್ಕಂತೆ ಅಳತೆ ಹೊಂದಿಸಿಕೊಳ್ಳುವ ಅನುಕೂಲಗಳೆಲ್ಲ ಸಾಮಾನ್ಯ ಜನರ ಕೈಗೆಟುಕಿದವು. ಒದೆತ ನೇರವಾಗಿ ಹೆಗಲಿಗೆ ಬರುವಂತೆ ನಳಿಗೆಯನ್ನೂ ಸ್ಟಾಕನ್ನೂ ಒಂದೇ ಗೆರೆಯಲ್ಲಿ ಇಟ್ಟಿರುವುದರಿಂದ, ಗುಂಡು ಎಲ್ಲಿ ಬಿತ್ತೆಂದು ಸ್ಕೋಪಿನಲ್ಲೇ ನೋಡಬಹುದು. ಮೂರರಲ್ಲಿ ಹೊಸಬರಿಗೆ ಹೆಚ್ಚು ಕಲಿಸುವುದು ಬಹುಶಃ ಇದೇ. ಎಐಸಿಎಸ್ ಮಾದರಿಯ ಜೊತೆಗೆ ಎಸ್‌ಆರ್-25 ಎಂಬ ಇನ್ನೊಂದು ರೈಫಲಿನ ಮಾದರಿಯ ಮ್ಯಾಗಜಿನ್‌ಗಳನ್ನೂ ಇದು ಒಪ್ಪಿಕೊಳ್ಳುತ್ತದೆ. ನಳಿಗೆ ನಟ್ಟಿನಿಂದ ಬಿಗಿದಿರುವುದರಿಂದ ಎಆರ್-15 ಬಗೆಯ ಕೋವಿಗಳ ಪಾನಾ ಮತ್ತು ತೋಟಾ ಕೂರುವ ಜಾಗವನ್ನು ಅಳೆಯುವ ಹೆಡ್‌ಸ್ಪೇಸ್ ಗೇಜ್ ಇದ್ದ ಗನ್‌ಸ್ಮಿತ್ ಬೇಗ ಬದಲಿಸಿಕೊಡುತ್ತಾರೆ. ಮೂರು ಲಗ್ಗಿನ ಬೋಲ್ಟಿಗೆ 70 ಡಿಗ್ರಿಯೇ ಸಾಕಾದರೂ ಎತ್ತಲು ಟಿಕ್ಕಾಗಿಂತ ಹೆಚ್ಚು ಬಲ ಬೇಕೆನಿಸಿತು. ತೂಕ ಐದು ಕಿಲೋ ಹತ್ತಿರ. ಆದರೆ ಇದರ ರಿಸೀವರ್ ತನ್ನ ಚಾಸಿಗೆ ತಾನೇ ಒಂದು ಭಾಗ. ಟ್ರಿಗರ್, ಹಿಡಿ, ನಳಿಗೆ ಏನೇ ಬದಲಿಸಿದರೂ ಅದು ಕೊನೆಗೆ ರೂಗರ್ ಆಗಿಯೇ ಉಳಿಯುತ್ತದೆ, ಇನ್ನೊಂದು ಕೋವಿಗೆ ಅಡಿಪಾಯವಾಗುವುದಿಲ್ಲ.

ರೆಮಿಂಗ್ಟನ್ 700ನ್ನೇ ಏಕೆ ಕೊಳ್ಳಲಿಲ್ಲ ಎಂದು ಕೇಳಬಹುದು. ಹಳೆಯ ರೆಮಿಂಗ್ಟನ್ ಕೊಂಡು ಅದರ ಮೇಲೆ ಕಟ್ಟಿಸುವುದು ಒಂದು ಕಾಲದ ರೂಢಿ. ರಿಸೀವರಿನ ಮುಖ, ಬೋಲ್ಟಿನ ಲಗ್ಗುಗಳು, ನಳಿಗೆ ತಿರುಗಿಸುವ ತಿರುಪಿನ ಮರೆಗಳು ಎಲ್ಲವನ್ನೂ ಲೇತಿನಲ್ಲಿ ನೇರ ಮಾಡಿಸಿದ ಮೇಲೆ ಅದರ ಖರ್ಚು ಹೊಸ ಕಸ್ಟಮ್ ಆಕ್ಷನ್ನಿನ ಬೆಲೆಗೆ ಹತ್ತಿರ ಬರುವುದರಿಂದ ಆ ರೂಢಿ ಈಗ ಕಡಿಮೆಯಾಗಿದೆ. ಮೂಲ ಕಂಪನಿ 2018ರಲ್ಲಿ ಮತ್ತು 2020ರಲ್ಲಿ ದಿವಾಳಿ ಅರ್ಜಿ ಹಾಕಿ ಹಲವರಿಗೆ ಹಂಚಿಹೋಯಿತು. ಹಳೆಯದನ್ನು ಕೊಳ್ಳುವವರು 2006ರ ಮೇ ತಿಂಗಳಿಂದ 2014ರ ಏಪ್ರಿಲ್ ನಡುವೆ ತಯಾರಾದವುಗಳ ಎಕ್ಸ್-ಮಾರ್ಕ್ ಪ್ರೋ ಟ್ರಿಗರಿಗೆ ವಾಪಸಾತಿ ಪ್ರಕಟಣೆ ಇತ್ತೆಂಬುದನ್ನು ಮರೆಯಬಾರದು. ಸ್ಯಾವೇಜ್ 110ರ ನಳಿಗೆಯೂ ನಟ್ಟಿನದೇ, ಮನೆಯ ಗ್ಯಾರೇಜಿನಲ್ಲಿ ತಾವೇ ನಳಿಗೆ ಬದಲಿಸಿಕೊಳ್ಳುವವರು ಅದನ್ನು ಬಿಟ್ಟುಕೊಡುವುದಿಲ್ಲ. ಜಪಾನಿನ ಹೋವಾ 1500 ಕಡಿಮೆ ಬೆಲೆಗೆ ಗಟ್ಟಿಮುಟ್ಟಾದ ಕೋವಿ, ಒದೆತದ ಲಗ್ ರಿಸೀವರಿನದೇ ಭಾಗ. ಆದರೆ ಅದರ ತಳದ ಅಳತೆಯೂ ಅದರದೇ.

ಹಣದ ಮಾತು. ಬರ್ಗಾರಾ ಸಾವಿರದ ಚಿಲ್ಲರೆ ಡಾಲರಿಗೆ ಸಿಗುತ್ತದೆ, ಟಿಕ್ಕಾ ಟ್ಯಾಕ್ ಎ1 ಎರಡು ಸಾವಿರದ ಆಸುಪಾಸು, ರೂಗರ್ ನಡುವೆ. ನಾನು ಮೊದಲು ಬರೆದಿದ್ದ ಪಟ್ಟಿಯ ಮೊತ್ತ ಸ್ಕೋಪ್ ಬಿಟ್ಟು ನಾಲ್ಕು ಸಾವಿರ ಮುಟ್ಟುತ್ತಿತ್ತು. 6.5 ಕ್ರೀಡ್‌ಮೋರ್ ನಳಿಗೆ ಸ್ಪರ್ಧೆಯ ನಿಖರತೆ ಉಳಿಸಿಕೊಳ್ಳುವುದು ಎರಡರಿಂದ ಮೂರು ಸಾವಿರ ಗುಂಡಿನವರೆಗೆ. ತೋಟಾ ಒಂದಕ್ಕೆ ಒಂದೂವರೆ ಡಾಲರ್ ಎಂದೇ ಹಿಡಿದರೂ 2,500 ತೋಟಾಕ್ಕೆ 3,750 ಡಾಲರ್ ಆಗುತ್ತದೆ. ಈ ಲೆಕ್ಕ ನೋಡಿದ ಮೇಲೆ ಕೋವಿಗಳ ನಡುವಿನ ಬೆಲೆಯ ವ್ಯತ್ಯಾಸಕ್ಕೆ ನಿದ್ದೆಗೆಡುವುದು ಬಿಟ್ಟೆ.

ಇಲ್ಲಿರುವ ಕನ್ನಡಿಗರಿಗೆ ಒಂದು ಮಾತು ಹೇಳಲೇಬೇಕು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದ ನನ್ನಂಥ ಕೊಡಗಿನವರಿಗೆ ಕೋವಿ ಮನೆಯ ವಸ್ತು. ಅಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ. ಆ ಸಲಿಗೆಯನ್ನು ಇಲ್ಲಿಗೆ ತರಬಾರದು. ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಕೊಳ್ಳುವುದನ್ನೂ ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರಿಗೆ ಆ ತಡೆಯಿಲ್ಲ, ಆದರೆ ಅಂಗಡಿಯಲ್ಲಿ ತುಂಬುವ 4473 ನಮೂನೆಯ ಪ್ರತಿ ಪ್ರಶ್ನೆಗೂ ಓದಿ ಉತ್ತರಿಸಬೇಕು.

ನಾನು ಕೊಂಡದ್ದು ಬರ್ಗಾರಾ. ಕಟ್ಟಿಸುವ ಯೋಚನೆಯೇ ಇಲ್ಲದಿದ್ದರೆ ಕಣ್ಣು ಮುಚ್ಚಿ ಟಿಕ್ಕಾ ಕೊಳ್ಳುತ್ತಿದ್ದೆ. ಆ ಬೋಲ್ಟಿನ ನೆನಪು ಇನ್ನೂ ಕೈಯಲ್ಲಿದೆ. ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿದ ಚೀಟಿಯಲ್ಲಿ ಇಂದಿಗೆ 640 ಗುಂಡು ಎಂದು ಬರೆದಿದ್ದೇನೆ. ಗನ್‌ಸ್ಮಿತ್ ಹೇಳಿದ ಹಾಗೆಯೇ ಪಟ್ಟಿ ಬದಲಾಗತೊಡಗಿದೆ: ಮಡಚುವ ಸ್ಟಾಕಿಗೆ ಅಡ್ಡಗೆರೆ ಎಳೆದಿದ್ದೇನೆ, ಏಕೆಂದರೆ ಕಾರಿನ ಡಿಕ್ಕಿಯಲ್ಲಿ ಕೋವಿ ನೇರವಾಗಿಯೇ ಹಿಡಿಸುತ್ತದೆ, ಹಗುರವಾದ ಕಾರ್ಬನ್ ನಳಿಗೆಯ ಜಾಗದಲ್ಲಿ ಭಾರವಾದ ಉಕ್ಕಿನ ನಳಿಗೆ ಎಂದು ತಿದ್ದಿದ್ದೇನೆ, ಟ್ರಿಗರಿನ ಸಾಲು ಮಾತ್ರ ಮೊದಲಿನಂತೆಯೇ ಇದೆ, ಅದನ್ನು ಕಳೆದ ತಿಂಗಳೇ ಕೊಂಡು ಬರ್ಗಾರಾಗೆ ಕೂರಿಸಿಯಾಗಿದೆ.