ಹುಬ್ಬಳ್ಳಿಯಲ್ಲಿ ಹಳೇ ಕ್ಯಾಸೆಟ್ ಪೆನ್‌ಡ್ರೈವ್‌ಗೆ ಹಾಕಿಸಿದೆ

ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಚೀಲದಲ್ಲಿ ಎರಡು ಕ್ಯಾಸೆಟ್. ಎಷ್ಟೋ ವರ್ಷದ ಹಿಂದೆ ದೂರದರ್ಶನದಲ್ಲಿ 'ಎರಡು ಕನಸು' ಬಂದಾಗ ಟಿವಿ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ನಾನೇ ತುಂಬಿಸಿಕೊಂಡದ್ದು. ಈ ಚಿತ್ರವನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ.

1974ರ ಚಿತ್ರ. ದೊರೈ-ಭಗವಾನ್ ನಿರ್ದೇಶನ, ವಾಣಿಯವರ ಕಾದಂಬರಿ, ರಾಜನ್-ನಾಗೇಂದ್ರ ಸಂಗೀತ. ರಾಜ್‌ಕುಮಾರ್ ಮನಸ್ಸೆಲ್ಲ ಮಂಜುಳಾ ಮೇಲೆ, ಮದುವೆ ಆಗಿದ್ದು ಕಲ್ಪನಾ ಜೊತೆ. ನಾನು ಮಂಜುಳಾ ಕಡೆ, ಅವ್ವ ಕಲ್ಪನಾ ಕಡೆ. ಕ್ಯಾಸೆಟ್‌ನಲ್ಲಿ ಅವ್ವನ ದನಿಯೂ ಇದೆ: "ಅಯ್ಯ, ಆಕಿದೇನ ತಪ್ಪೈತಿ? ಒಂದ ಮಾತರ ಆಡಬಾರದೇನ ಆಕಿ ಜೋಡಿ?" ಅವ್ವ ಹೋಗಿ ಒಂಬತ್ತು ವರ್ಷ. ಯೂಟ್ಯೂಬ್‌ನಲ್ಲಿ ಚಿತ್ರ ಸಿಗಬಹುದು, ಅವ್ವ ಸಿಗುವುದಿಲ್ಲ ಅಲ್ವಾ?

ಅಂಗಡಿ ದುರ್ಗದಬೈಲ್ ಹತ್ತಿರ, ಗಲ್ಲಿಯೊಳಗೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಒಂದು ಕ್ಯಾಸೆಟ್‌ನ ರೀಲು ಹರಿದಿತ್ತು, ರೀಲನ್ನು ಒತ್ತಿ ಹಿಡಿಯುವ ಸಣ್ಣ ಪ್ಯಾಡೂ ಉದುರಿತ್ತು. ಅಂಗಡಿಯವರು ನನ್ನ ಕಣ್ಣೆದುರೇ ಐದು ಸ್ಕ್ರೂ ಬಿಚ್ಚಿದರು. ಹರಿದ ತುದಿಗಳನ್ನು ಅಂಟಿಸಿ, ರೀಲನ್ನು ಬೇರೆ ಡಬ್ಬಿಗೆ ಕೂಡಿಸಿದರು. ಕೈ ಒಂದಿಷ್ಟೂ ನಡುಗಲಿಲ್ಲ. "ಅಕ್ಕಾರ, ಗಡಿಬಿಡಿ ಮಾಡಬ್ಯಾಡ್ರಿ, ತೊಂಬತ್ತು ನಿಮಿಷದ ಕ್ಯಾಸೆಟ್ ತೊಂಬತ್ತು ನಿಮಿಷಾನ ಓಡಬೇಕ್ರಿ" ಎಂದರು. ಓಡಿಸಿದಷ್ಟು ಹೊತ್ತೂ ಪೂರ್ತಿ ಕೇಳುತ್ತಾ ಕೂತಿದ್ದರು. ನನಗೆ ಅದು ತುಂಬಾ ಹಿಡಿಸಿತು.

ಒಂದು ತಪ್ಪು ಆಯಿತು. ಸದ್ದು ಚೊಕ್ಕ ಮಾಡುತ್ತೇನೆಂದು ಗರಗರ ಎಲ್ಲ ತೆಗೆದುಬಿಟ್ಟಿದ್ದರು. ಮನೆಗೆ ಬಂದು ಕೇಳಿದರೆ ಪಿ.ಬಿ. ಶ್ರೀನಿವಾಸ್ ದನಿ ಸ್ವಚ್ಛ, ಅವ್ವ ಮಾತ್ರ ಬಾವಿಯೊಳಗಿಂದ ಮಾತಾಡಿದ ಹಾಗೆ. ಎದೆ ಧಸಕ್ಕೆಂದಿತು. ಮರುದಿನವೇ ಮತ್ತೆ ಹೋದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಇದ್ದದ್ದು ಇದ್ದಂತೆ ಇನ್ನೊಮ್ಮೆ ಹಾಕಿಕೊಟ್ಟರು, ಜಾಸ್ತಿ ದುಡ್ಡೂ ಕೇಳಲಿಲ್ಲ. ಕ್ಯಾಸೆಟ್‌ಗೆ 350 ರೂಪಾಯಿ. ನೀವು ಹೋದರೆ ಮೊದಲೇ ಹೇಳಿ: ಏನೂ ತೆಗೆಯಬೇಡಿ, ಹಾಗೇ ಕೊಡಿ.

ಈಗ ರಾತ್ರಿ ಕೇಳುತ್ತೇನೆ. 'ಎಂದೆಂದೂ ನಿನ್ನನು ಮರೆತು' ಶುರುವಾಗುತ್ತದೆ, ವಾಣಿ ಜಯರಾಂ ದನಿ ಬರುತ್ತದೆ, ಅಷ್ಟರಲ್ಲಿ ಕುಕ್ಕರ್ ಸೀಟಿ. ಅವ್ವ ಒಳಗಿಂದ ಕೂಗುತ್ತಾಳೆ, "ಗ್ಯಾಸ್ ಸಣ್ಣ ಮಾಡವಾ, ಹಾಡು ಹತ್ತೈತಿ!"

ಎರಡನೇ ಕ್ಯಾಸೆಟ್‌ಗೆ ಬೂಸಲು ಹಿಡಿದಿದೆ, ಒರೆಸಿ ಓಡಿಸಲು ಒಂದು ವಾರ ಬೇಕಂತೆ. ಸೋಮವಾರ ತರಲು ಹೋಗುತ್ತೇನೆ.