ಕೊಟ್ಟಿಗೆಯ ಕತ್ತಲಿಗೆ ಯಾವ ಕಾಗದ? ಕ್ಯಾನ್ವಾಸ್, ಕಾಟನ್ ರ್ಯಾಗ್, ಬರೈಟಾ

ಮಲೆನಾಡಿನ ಹಳೆಯ ಕೊಟ್ಟಿಗೆ, ಅಡಿಕೆ ಅಟ್ಟ, ಸೌದೆಮನೆಗಳ ಫೋಟೊಗಳನ್ನು ಸೀಮಿತ ಪ್ರತಿಗಳಲ್ಲಿ ಮುದ್ರಿಸುವಾಗ ಕಾಗದದ ಆಯ್ಕೆಯನ್ನು ಮುಂದಕ್ಕೆ ಹಾಕುವಂತಿಲ್ಲ. ಹತ್ತೇ ಪ್ರತಿ ಎಂದು ಗೊತ್ತುಮಾಡಿ, ಮೊದಲನೆಯದರ ಅಂಚಿನಲ್ಲಿ ಪೆನ್ಸಿಲಿನಿಂದ 1/10 ಎಂದು ಬರೆದ ಮೇಲೆ ಉಳಿದವೂ ಅದೇ ಕಾಗದ, ಅದೇ ಅಳತೆಯಲ್ಲಿ ಬರಬೇಕು. ಕೊಂಡವರಿಗೆ ಕೊಟ್ಟ ಮಾತು ಅದು. ಹಾಗಾಗಿ ಒಂದೇ ಚಿತ್ರವನ್ನು ಪಿಗ್ಮೆಂಟ್ ಶಾಯಿಯಲ್ಲಿ (ಬಣ್ಣದ ಸಣ್ಣ ಕಣಗಳಿರುವ ಶಾಯಿ) ಈ ಮೂರೂ ಬಗೆಯ ಮೇಲೆ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿದೆ.

ಚಿತ್ರ ಕೊಟ್ಟಿಗೆಯ ಒಳಗಿನದು. ಜಂಬಿಟ್ಟಿಗೆ ಗೋಡೆ, ಸಂಜೆ ಸೊಳ್ಳೆಗೆಂದು ಹಾಕಿದ ಹೊಗೆ ಹಿಡಿದು ಕಪ್ಪಾದ, ಮಾಡು ಹೊತ್ತ ಮರದ ಪಕಾಸು, ಒಂದೇ ಒಂದು ಗಾಜಿನ ಹೆಂಚಿನಿಂದ ಗೋದಲಿಯ ಮೇಲೆ ಇಳಿದ ಬೆಳಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನಕ್ಕೆ ಸೋಗೆ, ಹುಲ್ಲಿನ ಮಾಡುಗಳ ಜಾಗಕ್ಕೆ ಹೆಂಚು ಬಂತು. ಈಗ ಹೆಂಚಿಳಿಸಿ ಶೀಟು ಹಾಕುತ್ತಿದ್ದಾರೆ. ಹೋಗುತ್ತಿರುವ ಕಟ್ಟಡ ಚಿತ್ರದಲ್ಲಾದರೂ ತನ್ನ ಮೈಬಣ್ಣದಲ್ಲೇ ಉಳಿಯಲಿ ಎಂಬುದು ನನ್ನ ಹಟ.

ಕ್ಯಾನ್ವಾಸ್ ಹಗುರ, ಗಾಜೂ ಬೇಡ. ಆದರೆ ಅದರ ನೇಯ್ಗೆ ಜಂಬಿಟ್ಟಿಗೆಯ ತೂತುಗಳ ಮೇಲೆ ಕೂತು ಗೋಡೆಯ ಮೈಯನ್ನೇ ಮುಚ್ಚಿತು. ನನಗೆ ಬೇಡ.

308 ಜಿಎಸ್‌ಎಂನ (ಚದರ ಮೀಟರಿಗೆ 308 ಗ್ರಾಂ ತೂಗುವ) ಮ್ಯಾಟ್ ಕಾಟನ್ ರ್ಯಾಗ್, ಅಂದರೆ ಹೊಳಪಿಲ್ಲದ ಹತ್ತಿ ನಾರಿನ ಕಾಗದ, ಗೋಡೆಗೆ ಹೇಳಿ ಮಾಡಿಸಿದ್ದು. ಇಟ್ಟಿಗೆಯ ಕೆಂಪು, ಸಗಣಿ ಸಾರಿಸಿದ ನೆಲದ ಮಂಕು ಹಸಿರು, ಎರಡೂ ಕಣ್ಣಿಗೆ ಒರಟಾಗಿಯೇ ತಾಗುತ್ತವೆ. ಕಿಟಕಿಯ ಎದುರು ಹಿಡಿದರೂ ಹೊಳೆಯುವುದಿಲ್ಲ. ಸೋತದ್ದು ಮಾಡಿನ ಕೆಳಗೆ. ಮ್ಯಾಟ್ ಮೇಲ್ಮೈ ಬೆಳಕನ್ನು ಚದುರಿಸುವುದರಿಂದ ಕಪ್ಪಿನ ಸಾಂದ್ರತೆ (ಅಂಕಿ ಏರಿದಷ್ಟೂ ಕಪ್ಪು ಗಾಢ) ಸಾಮಾನ್ಯವಾಗಿ 1.6–1.7ರ ಹತ್ತಿರ ನಿಂತುಬಿಡುತ್ತದೆ. ಪಕಾಸು, ರೀಪು, ಜೇಡರ ಬಲೆ ಎಲ್ಲ ಒಂದೇ ಬೂದುಗಪ್ಪಿನಲ್ಲಿ ಕಲಸಿಹೋದವು.

ಬರೈಟಾ ಎಂಬ ಹೊಳಪಿನ ಕಾಗದದಲ್ಲಿ ಶಾಯಿಯ ಪದರದ ಅಡಿಗೆ ಬೇರಿಯಂ ಸಲ್ಫೇಟ್ ಎಂಬ ಬಿಳಿ ಲೇಪ ಇರುತ್ತದೆ. ಡಾರ್ಕ್‌ರೂಮಿನ ಫೈಬರ್ ಕಾಗದಗಳಲ್ಲೂ ಇದ್ದದ್ದು ಇದೇ. ಇದರಲ್ಲಿ ಕಪ್ಪಿನ ಸಾಂದ್ರತೆ 2 ದಾಟುತ್ತದೆ. ರೀಪುಗಳನ್ನು ಒಂದೊಂದಾಗಿ ಎಣಿಸಬಹುದು, ಗಾಜಿನ ಹೆಂಚಿನ ಬೆಳಕಿನಲ್ಲಿ ತೇಲುವ ಧೂಳೂ ಕಾಣುತ್ತದೆ. ಕತ್ತಲೆಗೆ ಆಳ ಬಂತು. ಗೀರು ಬೇಗ ಬೀಳುತ್ತದೆ, ನೇರ ದೀಪಕ್ಕೆ ಮಿನುಗುತ್ತದೆ, ಅದನ್ನು ಸಹಿಸಿಕೊಳ್ಳಬಹುದು. ಆದರೆ ಅದೇ ಕೊಟ್ಟಿಗೆಯ ಹೊರಗೋಡೆಯನ್ನು, ಮಧ್ಯಾಹ್ನದ ಬಿಸಿಲಿನದನ್ನು, ಬರೈಟಾದಲ್ಲಿ ತೆಗೆಸಿದರೆ ಗೋಡೆಗೆ ವಾರ್ನಿಷ್ ಬಳಿದ ಹಾಗೆ ಕಾಣುತ್ತದೆ.

ಆದ್ದರಿಂದ ಒಳಚಿತ್ರಗಳೆಲ್ಲ ಬರೈಟಾ, ಹೊರಗಿನವು ಕಾಟನ್. ಒಂದೇ ಸರಣಿಯಲ್ಲಿ ಎರಡು ಕಾಗದ ಸಲ್ಲದು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪ್ರತಿ ಚಿತ್ರದ ಪ್ರಮಾಣಪತ್ರದಲ್ಲಿ ಅದರ ಕಾಗದದ ಹೆಸರು ಬರೆದಿದ್ದರೆ ಸಾಕು. ಯಾವುದನ್ನೇ ಕೊಂಡರೂ ಫ್ರೇಮಿನ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಹಾಕಿಸಿ. ಮಳೆಗಾಲದಲ್ಲಿ ತೇವ ಏರುವ ಗೋಡೆಗೆ ಮಾತ್ರ ತೂಗುಹಾಕಬೇಡಿ.