ಹಂಚಿನ ಮನೆಗೊಂದು, ಫ್ಲ್ಯಾಟಿಗೊಂದು: ಎರಡು ಗೃಹವಿಮೆ ಬಳಸಿ ನೋಡಿದ್ದು

ಉದ್ಯಾವರದ ಹಂಚಿನ ಮನೆಗೆ ಭಾರತ್ ಗೃಹ ರಕ್ಷಾ ಎಂಬ ಗೃಹವಿಮೆ ಪಾಲಿಸಿ ಇದೆ. ಮಂಗಳೂರು ಬಿಜೈಯ ಫ್ಲ್ಯಾಟಿಗೆ ಖಾಸಗಿ ಕಂಪನಿಯೊಂದರ ಪ್ಯಾಕೇಜ್ ಪಾಲಿಸಿ, ಅದರ ಮೇಲೆ ಆಡ್-ಆನ್ ಆಗಿ, ಅಂದರೆ ಹೆಚ್ಚುವರಿಯಾಗಿ, ಆಕಸ್ಮಿಕವಾಗಿ ಒಡೆದು ಹಾಳಾದದ್ದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಬೇರೆ. ಎರಡರಲ್ಲೂ ಕ್ಲೇಮ್ ಹಾಕಿದ್ದೇನೆ.

ಭಾರತ್ ಗೃಹ ರಕ್ಷಾವನ್ನು ಯಾವ ಕಂಪನಿಯಿಂದ ತೆಗೆದುಕೊಂಡರೂ ಮೂಲ ಷರತ್ತು ಒಂದೇ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹಾಗೆ ಮಾಡಿದೆ. ಬೆಂಕಿ, ಬಿರುಗಾಳಿ, ನೆರೆ, ಗುಡ್ಡ ಕುಸಿತ, ನೀರಿನ ಟ್ಯಾಂಕ್ ಒಡೆಯುವುದು ಎಂದು ಕಾರಣಗಳ ಪಟ್ಟಿ ಕೊಟ್ಟಿದ್ದಾರೆ. ನಮ್ಮ ಕರಾವಳಿಗೆ ಅದರಲ್ಲಿ ಮುಖ್ಯವಾದದ್ದು ಹೊರಗಿನ ವಸ್ತು ಬಂದು ಬಡಿಯುವುದು. ಜೂನ್ ಗಾಳಿಗೆ ತೆಂಗಿನಮರ ಚಾವಡಿಯ ಮೇಲೆ ಬಿದ್ದು ಪಕ್ಕಾಸು, ರೀಪು ಎಲ್ಲ ಮುರಿದಾಗ ದುಡ್ಡು ಬಂತು. ಅವಶೇಷ ತೆಗೆದ ಖರ್ಚಿಗೂ ಸ್ವಲ್ಪ ಸಿಕ್ಕಿತು. ಅದಕ್ಕೆ ಮಿತಿ ಕ್ಲೇಮಿನ ಶೇ. 2. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇ. 20, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ ಮನೆ ಸಾಮಾನಿಗೂ ತಾನಾಗಿ ರಕ್ಷಣೆ ಇರುತ್ತದೆ.

ಆದರೆ ಸಿಡಿಲು ಪಟ್ಟಿಯಲ್ಲಿದೆ ಎಂದು ಸುಟ್ಟ ಫ್ರಿಜ್ಜಿನ ಬಿಲ್ ಹಿಡಿದು ಹೋಗಬೇಡಿ ಮಾರಾಯ್ರೆ. ಸಿಡಿಲು ಬಡಿದು ಗೋಡೆ ಬಿರಿದರೆ ಕೊಡುತ್ತಾರೆ. ಅದೇ ಸಿಡಿಲಿಗೆ ಕರೆಂಟ್ ಏರಿ ಫ್ರಿಜ್ಜು, ಪಂಪು ಒಳಗೇ ಸುಟ್ಟರೆ ಕೊಡುವುದಿಲ್ಲ. ಆ ಷರತ್ತಿನಲ್ಲಿ ‘ಸಿಡಿಲೂ ಸೇರಿ’ ಎಂದು ಬರೆದೇ ಇದೆ. ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳುವ ನಮ್ಮ ಅಮ್ಮಂದಿರಿಗೆ ಇದು ಓದದೆಯೂ ಗೊತ್ತಿತ್ತೋ ಏನೋ!

ಕೈತಪ್ಪಿ ಬಿದ್ದ ಟಿವಿಗೂ ಈ ಪಾಲಿಸಿಯಲ್ಲಿ ಏನೂ ಇಲ್ಲ. ಬಿಜೈಯ ಆಡ್-ಆನ್ ಕೆಲಸಕ್ಕೆ ಬಂದದ್ದು ಅಲ್ಲೇ. ಮಕ್ಕಳು ಎಸೆದ ಚೆಂಡಿಗೆ ಟಿವಿ ಪರದೆ ಒಡೆದಾಗ, ನಾವು ಭರಿಸಬೇಕಾದ ಮೊದಲ ಭಾಗ ಕಳೆದು ಉಳಿದದ್ದನ್ನು ಕೊಟ್ಟರು. ಮಿಕ್ಸಿ ಜಾರು ಒಡೆದದ್ದಕ್ಕೆ ಸೊನ್ನೆ, ಏಕೆಂದರೆ ಅದರ ಬೆಲೆ ಆ ಮೊದಲ ಭಾಗದಷ್ಟೂ ಇರಲಿಲ್ಲ. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದರೆ ಮೊದಲು ಕೇಳುವುದು ಹೊರಗಿನಿಂದ ಪೆಟ್ಟು ಬಿತ್ತೋ, ಒಳಗೇ ಕೆಟ್ಟಿತೋ ಎಂದು. ಒಳಗೇ ಕೆಟ್ಟಿದ್ದರೆ ಅದು ಬ್ರೇಕ್‌ಡೌನ್ ವಿಭಾಗಕ್ಕೆ ಹೋಗುತ್ತದೆ. ನನ್ನ ಪ್ಯಾಕೇಜಿನಲ್ಲಿ ಅದೂ ಇತ್ತು, ಆದರೆ ಹಳೆಯ ವಾಷಿಂಗ್ ಮೆಷಿನ್ನಿಗೆ ಸವಕಳಿ ಕಳೆದು ಕೈಗೆ ಬಂದದ್ದು ರಿಪೇರಿಗೂ ಸಾಲಲಿಲ್ಲ.

ಗೋಡೆಯ ತೇವ, ಉಪ್ಪುಗಾಳಿಗೆ ಹಿಡಿದ ತುಕ್ಕು, ವರ್ಷವರ್ಷವೂ ಸೋರುವ ಟೆರೇಸು: ಎರಡು ಕಡೆಯೂ ಇಲ್ಲ. ಕಳ್ಳತನಕ್ಕೆ ಮಾತ್ರ ಪ್ಯಾಕೇಜೇ ಮೇಲು. ಗೃಹ ರಕ್ಷಾದಲ್ಲಿ ನೆರೆಯಂಥ ಅವಘಡ ನಡೆದು 7 ದಿನದೊಳಗೆ ಕದ್ದುಹೋದರಷ್ಟೇ ಲೆಕ್ಕ.

ನನ್ನ ಮಟ್ಟಿಗೆ ಹಂಚಿನ ಮನೆಗೆ ಗೃಹ ರಕ್ಷಾ ಸಾಕು, ಅಲ್ಲಿ ಆಡ್-ಆನ್ ದಂಡ. ಬಿಜೈಯದ್ದನ್ನು ಮಕ್ಕಳು ದೊಡ್ಡವರಾಗುವವರೆಗೆ ಇಟ್ಟುಕೊಳ್ಳುತ್ತೇನೆ. ಬಾಡಿಗೆಗೆ ಇರುವವರು ಕಟ್ಟಡ ಬಿಟ್ಟು ಸಾಮಾನಿಗೆ ಮಾತ್ರ ಗೃಹ ರಕ್ಷಾ ಮಾಡಿಸಬಹುದು. ಏಜೆಂಟರು ತಾವಾಗಿ ಇದನ್ನು ಹೇಳುವುದು ಕಡಿಮೆ, ನೀವೇ ಕೇಳಬೇಕು.